ಗಿಲೀಟು ಹಾಕ್ಕೊಂಡ್ರ ತುರಿಸ್ತದೇನ್ರಿ?

ಬ್ಯಾರೆ ಡಾಕ್ಟರ್ ಹಂತ್ಯಾಕ ಮಂದಿ ಬರೇ ಬ್ಯಾನಿ ತಗೊಂಡು ಹೋಗ್ತಾರ. ನನ್ನ ಹಂತ್ಯಾಕ ಬರೋವಾಗ ಬ್ಯಾನಿ ಜೋಡಿ ಜಾತಕ, ವೈರಿನ ಟೇಪು, ಮನಿ ಮರ್ಯಾದಿ, ಎಲ್ಲಾ ಗಂಟು ಕಟ್ಕೊಂಡು ಬರ್ತಾರ. ಇವತ್ತ ಒಂದು ಆತು, ಇನ್ನ ಸಾಕಪ್ಪ ಅಂತ ಸಂಜಿಕ ಕ್ಲಿನಿಕ್ಕಿನ ಬಾಗಲಾ ಹಾಕ್ಕೊಂಡು ಹೋಗ್ತೀನಿ. ಮುಂಜಾನಿ ಬಂದು ನೋಡಿದ್ರ ಇನ್ನೊಂದು ಮೆಟ್ಟಲ ಮ್ಯಾಲ ಬಂದು ಕುಂತಿರ್ತದ.

ನಾನು ಹಲ್ಲಿನ ಡಾಕ್ಟರು. ಮನಿ ಸುರಪುರದ ರಂಗಂಪೇಟ್ಯಾಗ, ಕ್ಲಿನಿಕ್ಕು ಶಹಾಪುರದಾಗ. ಮಂಗಳವಾರಕ್ಕೊಮ್ಮೆ ಯಾದಗಿರಿಗಿ ಹೋಗಿ ನನ್ನ ಗೆಳತಿ ಕ್ಲಿನಿಕ್ಕಿನಾಗ ಕೂಡ್ತೀನಿ. ಹುಳುಕು ಹಲ್ಲಿಂದು ನರ ತಗದ ಮ್ಯಾಲ ಅದರ ತಲಿಗೊಂದು ಟೋಪಿ ಹಾಕಬೇಕಾಗ್ತದ. ಅದಕ್ಕ ಕ್ಯಾಪ್ ಅಂತೀವಿ. ಬಿಳಿ ಪಿಂಗಾಣಿ ಕ್ಯಾಪ್ ಅಂದ್ರ ನಮ್ಮ ಕಡಿ ಮಂದಿ ಮಾರಿ ತಿರುವ್ತಾರ. ಕಡಕ್ ರೊಟ್ಟಿ ಕಡಿಯೋ ಹಲ್ಲಿಗಿ ಲೋಹದ್ದೇ ಬೇಕು ಅಂತಾರ. ಆ ಲೋಹ ಅಂಬೋದು ಒಂದೇ ಧಾತು ಅಲ್ಲ, ಮೂರ್ನಾಕು ಕೂಡಿಸಿ ಕರಗಿಸಿದ್ದು. ನಾವು ಹೆಚ್ಚಾಗಿ ಹಾಕೋದರಾಗ ನಿಕ್ಕಲ್ ಇರ್ತದ. ಭಾಳ ಮಂದಿಗಿ ಅದರಿಂದ ಏನೂ ಆಗೂದಿಲ್ಲ. ಕೆಲವರ ಮೈಗಿ ಮಾತ್ರ ನಿಕ್ಕಲ್ ಒಗ್ಗೂದಿಲ್ಲ. ಬಾಯಿ ಉರೀತದ, ವಸಡು ಬಾತು ಕೆಂಪಾಗ್ತದ, ಹುಣ್ಣು ಏಳ್ತಾವ. ಅದಕ್ಕ ಹಾಕೋಕಿಂತ ಮೊದಲ ಪೇಶಂಟಿಗಿ ಒಂದು ಮಾತು ಕೇಳಬೇಕು.

ಕೇಳೂದು ಒಂದೇ ಪ್ರಶ್ನಿ. ಆ ಒಂದು ಪ್ರಶ್ನಿಗಿ ನೆಟ್ಟಗ ಉತ್ತರ ಕೊಡೋ ಮನಷ್ಯಾನ್ನ ನಾ ಈ ಮೂರು ಊರಾಗ ಇನ್ನೂ ಕಂಡಿಲ್ಲ. ಕೊಡಲಾರದ್ದಕ್ಕ ನಮ್ಮ ಅತ್ತಿ ಬಾಯಿ ತುಂಬ ಹುಣ್ಣಾದ್ವು, ಅವರು ರೊಟ್ಟಿ ಬಿಟ್ರು, ನಾನು ಊರಾಗ ಅತ್ತಿಗಿ ಮದ್ದು ಹಾಕಿದ ಸೊಸಿ ಅನಿಸ್ಕೊಂಡೆ. ನಗೋದಿದ್ರ ನೀವು ನಗ್ರಿ. ನನ್ನ ಪಾಲಿನ ನಗಿ ಮುಗದು ಹೋಗೇದ.

ಕರಿ ಕುದರಿ ಲಾಳ

ಮೊದಮೊದಲ ನಾ ಹಿಂಗ ಕೇಳ್ತಿದ್ದೆ: "ನಿಮಗ ಯಾವುದರೆ ಲೋಹ ಆಗಿ ಬರೂದಿಲ್ಲೇನ್ರಿ?"

ತಪ್ಪು ಪ್ರಶ್ನಿ ಏನಲ್ಲ. ಆದ್ರ 'ಆಗಿ ಬರೂದು' ಅಂದ್ರ ನಮ್ಮ ಮಂದಿಗಿ ಮೈ ನೆನಪಾಗೂದಿಲ್ಲ, ಗ್ರಹ ನೆನಪಾಗ್ತಾವ. ಯಾದಗಿರಿ ಅಡತಿ ಅಂಗಡಿ ಸಾವ್ಕಾರ್ರು ಒಬ್ಬರು ಈ ಮಾತು ಕೇಳಿ ಕುರ್ಚಿ ಮ್ಯಾಲಿಂದ ಎದ್ದು ಕುಂತ್ರು.

"ಚಲೋ ಆತು ಕೇಳಿದ್ರಿ ಮೇಡಂ. ಇಷ್ಟು ಡಾಕ್ಟರ್ ಕಡಿ ಹೋಗೀನಿ, ಒಬ್ಬರೂ ಕೇಳಿದ್ದಿಲ್ಲ. ನನಗ ಸಾಡೇಸಾತಿ ನಡದದ. ತಡೀರಿ, ನಮ್ಮ ಶಾಸ್ತ್ರಿಗಳಿಗಿ ಕೇಳ್ತೀನಿ."

ಅರ್ಧ ಬಾಯಿಗಿ ಮರಗಟ್ಟೋ ಸೂಜಿ ಹಾಕೀನಿ. ಆ ಬಾಯಿಲೇ ಫೋನ್ ಹಚ್ಚಿದ್ರು. ಅತ್ತ ಶಾಸ್ತ್ರಿಗಳು ಏನೋ ಕೇಳಿದ್ರು, ಇತ್ತ ಇವರು ನನ್ನ ಮಾರಿ ನೋಡಿದ್ರು. "ಮೇಡಂ, ಈ ಹಲ್ಲು ಯಾವ ದಿಕ್ಕಿಗಿ ಬರ್ತದಂತ ಕೇಳಾಕತ್ತಾರ."

"ನೀವು ಯಾವ ಕಡಿ ಮಾರಿ ಮಾಡ್ತೀರಿ ಆ ದಿಕ್ಕಿಗಿ ಬರ್ತದ್ರಿ" ಅಂದೆ. ಅದನ್ನೂ ಹಂಗೇ ಫೋನಿನಾಗ ಒಪ್ಪಿಸಿದ್ರು.

ಮುಂದಿನ ಮಂಗಳವಾರ ಸಾವ್ಕಾರ್ರು ಪೇಪರಿನಾಗ ಸುತ್ತಿದ್ದು ಒಂದು ತಂದು ನನ್ನ ಟೇಬಲ್ ಮ್ಯಾಲ ಇಟ್ರು. ಬಿಚ್ಚಿದ್ರ ಕುದರಿ ಲಾಳ. "ಶನಿಗಿ ಇದೇ ಆಗಿ ಬರ್ತದಂತ. ಅದೂ ಕರಿ ಕುದರಿದು, ಓಡಿ ಓಡಿ ಸವದದ್ದು. ಇದನ್ನ ಕರಗಿಸಿ ಕ್ಯಾಪ್ ಮಾಡಿ ಹಾಕ್ರಿ."

ಕಬ್ಬಿಣ ಬಾಯಾಗ ತುಕ್ಕು ಹಿಡೀತದ, ಉಗುಳಿನಾಗ ಕರಗ್ತದ, ಹಲ್ಲು ಕರ್ರಗಾಗ್ತದ ಅಂತ ನಾ ಗಂಟಲ ಹರಕೊಂಡೆ. ಅವರು ಸಮಾಧಾನದಲೇ ಕೇಳಿ, "ಕೆಸರಾಗ ಕಲ್ಲಾಗ ಕುದರಿ ಕಾಲಿಗಿ ತಡದದ, ನನ್ನ ಹಲ್ಲಿಗಿ ತಡಿಯಂಗಿಲ್ಲೇನ್ರಿ?" ಅಂದ್ರು. ನಾ ಓದಿದ ಪುಸ್ತಕದಾಗ ಕುದರಿ ಸುದ್ದಿ ಇರಲಿಲ್ಲ.

ಕಡೀಕ ಪಿಂಗಾಣಿ ಒಪ್ಪಿದ್ರು. ಪಿಂಗಾಣಿಗಿ ಗ್ರಹದ ಕಾಟ ಇಲ್ಲಂತ. ಲಾಳ ಮಾತ್ರ ಅಲ್ಲೇ ಬಿಟ್ಟು ಹೋದ್ರು, ನನ್ನ ಗೆಳತಿ ಅದನ್ನ ತನ್ನ ಕ್ಲಿನಿಕ್ಕಿನ ಹೊಸ್ತಲಕ್ಕ ಬಡದಾಳ. ಅವತ್ತಿನಿಂದ ಆಕಿ ಪೇಶಂಟು ಹೆಚ್ಚಾಗ್ಯಾರ. ನನ್ನ ಪೇಶಂಟು ಅದನ್ನ ದಾಟಿ ಆಕಿ ಕಡೀನ ಹೋಗಾಕತ್ತಾರ.

ಬದನಿಕಾಯಿ ಮ್ಯಾಲ ಬಂತು

ಅಲ್ಲಿಂದ ನಾ ಪ್ರಶ್ನಿ ಬದಲ ಮಾಡಿದೆ. ಗಿಲೀಟು ಸರ, ಗಿಲೀಟು ವಾಲಿ ಇರ್ತಾವಲ್ಲ, ಮ್ಯಾಲ ಬಂಗಾರದ ನೀರು ಒಳಗ ಹಿತ್ತಾಳಿ, ಅವುಗಳ ನಡುವ ನಿಕ್ಕಲ್ ಇರ್ತದ. ಗಿಲೀಟು ಹಾಕ್ಕೊಂಡ್ರ ಕೊಳ್ಳು, ಕಿವಿ ತುರಿಸೋರಿಗಿ ನಿಕ್ಕಲ್ ಕ್ಯಾಪ್ ಹಾಕಬಾರದು. ಇಷ್ಟ ಸರಳ. ಗ್ರಹ ಇಲ್ಲ, ದಿಕ್ಕಿಲ್ಲ. "ಗಿಲೀಟು ಹಾಕ್ಕೊಂಡ್ರ ತುರಿಸ್ತದೇನ್ರಿ?" ಹೂಂ ಅನ್ನಬೇಕು, ಇಲ್ಲಾ ಇಲ್ಲ ಅನ್ನಬೇಕು. ನಾ ಎಂಥಾ ಶಾಣ್ಯಾಕಿ ಅಂತ ನನ್ನ ಮ್ಯಾಲ ನನಗ ಪ್ರೀತಿ ಬಂತು.

ಈ ಹೊಸ ಪ್ರಶ್ನಿ ಮೊದಲ ಕೇಳಿದ್ದು ನಮ್ಮ ಅತ್ತಿಗೇ. ಅವರ ದವಡಿ ಹಲ್ಲಿಂದು ನರ ತಗದಿದ್ದೆ, ಕ್ಯಾಪ್ ಹಾಕೋದಿತ್ತು.

"ಅತ್ತಿ, ಗಿಲೀಟು ಹಾಕ್ಕೊಂಡ್ರ ನಿಮಗ ತುರಿಸ್ತದೇನ್ರಿ?"

ಅತ್ತಿ ನನ್ನ ಕಡಿ ನೋಡಿದ ನೋಟ ಇನ್ನೂ ನೆನಪದ. "ಗಿಲೀಟು? ಯಾರು, ನಾನು? ಏನವ್ವ, ಎಷ್ಟ ಓದೀದಿ, ಯಾರಿಗಿ ಏನ್ ಕೇಳಬೇಕು ತಿಳಿಯಂಗಿಲ್ಲ? ನಾ ಗಿಲೀಟು ಯಾಕ ಹಾಕ್ಕೊಳ್ಲಿ?"

"ಹಂಗಲ್ರಿ, ಯಾವಾಗರೆ ಒಮ್ಮೆ..."

"ನಮ್ಮ ತವರಮನ್ಯಾಗ ಎಮ್ಮಿ ಕೊಳ್ಳಿಗೂ ಗಿಲೀಟು ಕಟ್ಟಿದ್ದಿಲ್ಲ."

ಸರಿ, ಮುಗೀತು. ಲೋಹದ ಕ್ಯಾಪ್ ಹಾಕಿದೆ. ಒಂದಷ್ಟು ವಾರ ಹೋಗೂದ್ರಾಗ ಅತ್ತಿ ಬಾಯಿ ಉರಿಯಾಕ ಹತ್ತಿತು. ಕ್ಯಾಪಿನ ಸುತ್ತ ವಸಡು ಬಾತು ಕೆಂಪಾತು, ಕೆನ್ನಿ ಒಳಗ ಹುಣ್ಣು ಬಿದ್ವು. ನಾ ನೋಡಿದ ಕೂಡಲೇ, "ಅತ್ತಿ, ಇದು ಕ್ಯಾಪಿಂದು, ತಗದ ಬಿಡ್ತೀನಿ" ಅಂದೆ. ಅವರು ಸುತಾರಾಂ ಒಪ್ಪಲಿಲ್ಲ. "ಕ್ಯಾಪ್ ಏನ್ ಮಾಡ್ಯಾದ? ಇದು ಬದನಿಕಾಯಿ ನಂಜು" ಅಂದ್ರು.

ಮನ್ಯಾಗ ಬದನಿಕಾಯಿ ಬಂದ್ ಆತು. ಎಣ್ಣಿಗಾಯಿ ಇಲ್ಲದಿದ್ರ ಊಟಕ್ಕ ಕೂಡಲಾರದ ನಮ್ಮನಿಯವರು ಬಾಯಿ ಮುಚ್ಕೊಂಡು ಕುಂತ್ರು. ಹುಣ್ಣು ಹೋಗಲಿಲ್ಲ. ಪುಂಡಿಪಲ್ಯ ಹುಳಿ ಅಂತ ಅದು ಬಂದ್. ಶೇಂಗಾ ಹಿಂಡಿ ಉಷ್ಣ ಅಂತ ಅದು ಬಂದ್. ಖಾರ ಹೋತು, ರೊಟ್ಟಿ ಹೋತು. ಹುಣ್ಣೊಂದು ಬಿಟ್ಟು ಎಲ್ಲಾ ಹೋತು. ಅತ್ತಿ ಸೊರಗಿ ಸೊರಗಿ ಅರ್ಧ ಆದ್ರು. ಮಾತಾಡಿಸಾಕ ಬಂದ ಬೀಗರು, ನೆರಿಯವರು, "ಏನಾಗ್ಯಾದ?" ಅಂತ ಕೇಳ್ತಿದ್ರು. ಅತ್ತಿ ಪಾಪ ಇದ್ದದ್ದೇ ಹೇಳ್ತಿದ್ರು, "ಸೊಸಿ ಬಾಯಾಗ ಹಾಕ್ಯಾಳ" ಅಂತ. ಏನ್ ಹಾಕ್ಯಾಳ ಅನ್ನೂದನ್ನ ಹೇಳೂದ್ರಾಗ ಹುಣ್ಣಿಗಿ ಮಾತು ತಗಲಿ ನಿಂತು ಬಿಡ್ತಿದ್ರು. ಉಳದದ್ದು ಊರ ಮಂದಿ ತಾವೇ ತುಂಬಿಸ್ಕೊಂಡ್ರು.

ರಂಗಂಪೇಟ್ಯಾಗ ನಾ ನಡದು ಹೋದ್ರ ಹೆಣ್ಮಕ್ಕಳು ಮಕ್ಕಳನ್ನ ಒಳಗ ಕರ್ಕೋಳಾಕ ಹತ್ತಿದ್ರು. ಖರೇ ಹೇಳ್ತೀನಿ, ಬಚ್ಚಲದಾಗ ಹೋಗಿ ಅತ್ತೀನಿ ನಾನು. ಅತ್ತಿ ಬಾಯಿ ಉಳಸ್ಕೋಬೇಕು, ಇಲ್ಲದಿದ್ರ ಅವರೂ ಉಳಿಯಂಗಿಲ್ಲ, ನನ್ನ ಹೆಸರೂ ಉಳಿಯಂಗಿಲ್ಲ. ಅದೊಂದೇ ಚಿಂತಿ ತಲಿ ತಿಂತಿತ್ತು.

ಒಂದಿನ ಮಧ್ಯಾಹ್ನ ನಮ್ಮನಿಯವರು ತಾಟಿನಾಗಿನ ಮಜ್ಜಿಗಿ ಅನ್ನ ಅತ್ತ ಸರಸಿದ್ರು. ಆಮ್ಯಾಲ ತಣ್ಣಗ ಅಂದ್ರು: "ಅವ್ವಂದು ಕ್ಯಾಪ್ ತಗಿಯಾಕ ಆಗಲಿಲ್ಲಂದ್ರ ನನ್ನವೇ ಹಲ್ಲು ತಗದು ಬಿಡು. ಹೆಂಗೂ ಕಡಿಯೂದು ಏನೂ ಉಳದಿಲ್ಲ."

ಬಾಯಾಗ ಕರೆಂಟು

ಆ ದಿನದಾಗೇ ಸಗರದಿಂದ ಒಬ್ಬ ಲೈನ್‌ಮನ್ ಬಂದ್ರು. ಬಂದವರೇ ತಮ್ಮ ಬಾಯಿಗಿ ಬಟ್ಟು ಮಾಡಿ, "ಮೇಡಂ, ಇಲ್ಲಿ ಲೀಕೇಜ್ ಅದರಿ" ಅಂದ್ರು.

ರಕ್ತ ಬರ್ತಿರಬೇಕು ಅನ್ಕೊಂಡೆ. "ರಕ್ತ ಅಲ್ರಿ, ಕರೆಂಟು. ಕಂಬ ಹತ್ತಾಕ ಹತ್ತಿ ಎಷ್ಟೋ ವರ್ಷ ಆತು, ಒಮ್ಮೆನೂ ಹೊಡಿಸ್ಕೊಂಡಿಲ್ಲ. ಮನ್ಯಾಗ ಕುಂತು ಚಾ ಕುಡದ್ರ ಜುಮ್ ಅಂತ ಹೊಡೀತದ. ಹೆಂಡತಿಗಿ ಹೇಳಿದ್ರ ನಗ್ತಾಳ್ರಿ."

ಬಾಯಿ ತಗಸಿ ನೋಡಿದೆ. ಮ್ಯಾಲಿನ ಹಲ್ಲಿಗಿ ಹಳೀ ಬೆಳ್ಳಿ ಬಣ್ಣದ ಮಸಾಲಿ ತುಂಬ್ಯಾರ. ಅದರ ಕೆಳಗಿನ ಹಲ್ಲಿಗಿ ಹೈದರಾಬಾದಿನಾಗ ಹೊಸದಾಗಿ ಬಂಗಾರದ ಕ್ಯಾಪ್ ಹಾಕಿಸ್ಕೊಂಡಾರ. ಎರಡು ಬ್ಯಾರೆ ಬ್ಯಾರೆ ಲೋಹ ಉಗುಳಿನಾಗ ಒಂದಕ್ಕೊಂದು ತಾಗಿದ್ರ ಖರೇನೇ ಸಣ್ಣ ಕರೆಂಟ್ ಹರೀತದ. ಹೆಂಡತಿ ನಕ್ಕಿದ್ದು ತಪ್ಪು, ಇವರು ಹೇಳಿದ್ದು ಸರಿ. ಆದ್ರ ಬಂಗಾರದ ಕ್ಯಾಪ್ ಮ್ಯಾಲ ಅದೇನೋ ಕರ್ರಗ ಅಂಟಿಕೊಂಡಿತ್ತು. ಇದ್ಯಾವ ಹೊಸ ರೋಗಪ್ಪ ಅಂತ ಚಿಮಟಿಲೇ ಹಿಡದು ಎಳದೆ. ಉದ್ದಕ್ಕ ಬಂತು. ವೈರಿಗಿ ಸುತ್ತೋ ಇನ್ಸುಲೇಶನ್ ಟೇಪು.

"ತಾತ್ಕಾಲಿಕ ವ್ಯವಸ್ಥಾ ಮಾಡ್ಕೊಂಡಿದ್ದೆ" ಅಂದ್ರು.

ಬೆಳ್ಳಿ ಮಸಾಲಿ ತಗದು ಹಲ್ಲಿನ ಬಣ್ಣದ್ದು ತುಂಬ್ತೀನಿ ಅಂದೆ. ರೂಢಿ ಪ್ರಕಾರ ನನ್ನ ಪ್ರಶ್ನಿನೂ ಕೇಳಿದೆ. ಗಂಡಸರಿಗಿ ಗಿಲೀಟು ಅನ್ನಲಿಕ್ಕಾಗೂದಿಲ್ಲ, ವಾಚಿನ ಪಟ್ಟಿ, ಬೆಲ್ಟಿನ ಬಕಲು ತಾಗಿದ್ರ ತುರಿಸ್ತದೇನು ಅಂತ ಕೇಳ್ತೀನಿ. ಅವರು ನೆಟ್ಟಗ ಕುಂತು, "ಡ್ಯೂಟಿ ಮ್ಯಾಲ ಮೈಗಿ ಲೋಹ ತಾಗಿಸೂದಿಲ್ರಿ, ಇಲಾಖಿ ನಿಯಮ" ಅಂದ್ರು. ಮತ್ತ, ಎರಡು ಹಲ್ಲಿನಾಗ ಫೇಸ್ ಯಾವುದು ನ್ಯೂಟ್ರಲ್ ಯಾವುದು ಅನ್ನೂದನ್ನ ಹೇಳದ ಹೊರತು ಕೈ ಹಚ್ಚಗೊಡಲಿಲ್ಲ. ಬಾಯಿಗಿ ಬಂದದ್ದು ಹೇಳಿದೆ. ಕೆಲಸ ಮುಗದ ಮ್ಯಾಲ ಬಿಸಿ ಚಾ ಕುಡದು ನೋಡಿ, ಹೊರಗ ಕುಂತ ಪೇಶಂಟುಗಳ ಮುಂದ ನಿಂತು, "ಲೈನ್ ಕ್ಲಿಯರ್ ಆತ್ರಿ" ಅಂತ ಜೋರಲೇ ಹೇಳಿ ಹೋದ್ರು.

ಚಲೋ ಹೆಸರು ಬಂತು ಅಂತ ಮನಸ್ಸು ಹಗುರಾತು. ಅಷ್ಟರಾಗ ಮೂಲ್ಯಾಗ ಕುಂತ ಒಬ್ಬ ಮುದುಕ ಎದ್ದು ಬಂದು ನನ್ನ ಕಿವ್ಯಾಗ ಕೇಳಿದ: "ಅಲ್ಲವ್ವ, ಅತ್ತಿ ಬಾಯಾಗ ಕರೆಂಟ್ ಬಿಟ್ಟೀದಿ ಅಂತಾರಲ್ಲ, ಅದನ್ನೂ ಹಿಂಗ ತಗಿಯಾಕ ಬರಂಗಿಲ್ಲೇನು?"

ಕಿವಿ ಸುದ್ದಿ

ಗಿಲೀಟಿನ ಪ್ರಶ್ನಿ ಎಷ್ಟು ಅಪಾಯದ್ದು ಅಂತ ನನಗ ಗೊತ್ತಾಗಿದ್ದು ಗುರುಮಠಕಲ್ ಕಡಿ ಒಬ್ಬ ಹೆಣ್ಮಗಳಿಂದ. ಆಕಿ ತನ್ನ ಮೈದುನನ ಹೆಂಡತಿನ್ನ ಜೋಡಿ ಕರ್ಕೊಂಡು ಬಂದಿದ್ಲು. ಆ ನೆಗೆಣ್ಣಿ ಮುಂದೇ ಆಕಿಗಿ ಕೇಳಿಬಿಟ್ಟೆ.

"ನಮ್ಮನ್ಯಾಗ ಬಂಗಾರ ಬಿಟ್ಟು ಬ್ಯಾರೆ ಕಂಡಿಲ್ರಿ" ಅಂದ್ಲು. ಅಂದೋವಾಗ ಬಲಗೈಲೇ ಕಿವಿ ತುರಿಸ್ಕೊಳ್ಳಾಕತ್ತಿದ್ಲು.

ನೆಗೆಣ್ಣಿನ್ನ ಹೊರಗ ಕಳಿಸಿ ಕೇಳಿದೆ. ಅದೇ ಉತ್ತರ, ಈಗ ಎಡಗೈ. ನನ್ನ ಕ್ಲಿನಿಕ್ಕಿನಾಗ ಸಹಾಯಕ್ಕ ಇರೋ ಆಪಾ, ವಯಸ್ಸಿನಾಗ ನನಗಿಂತ ಹಿರೇರು, ಸಾಮಾನು ಕುದಿಯಾಕ ಇಟ್ಕೋತ ತಮ್ಮ ಮಾತಿನಾಗ ನನಗ ಅಂದ್ರು: "ಐಸಾ ಸೀದಾ ಪೂಛೇ ತೋ ಕೌನ್ ಬೋಲ್ತಾ ಬಾಯಿ?" ಹಿಂಗ ನೆಟ್ಟಗ ಕೇಳಿದ್ರ ಯಾರ ಹೇಳ್ತಾರ ಅಂತ. ಆಕಿದು ಕೇಳಬ್ಯಾಡ, ಮಂದಿದು ಕೇಳು, ತಾನಾಗೇ ಬರ್ತದ ಅಂದ್ರು.

ಕೇಳಿದೆ. "ನಿಮ್ಮ ಮಾತು ಬಿಡ್ರಿ. ನಿಮ್ಮ ನೆಗೆಣ್ಣಿಗಿ ಗಿಲೀಟು ಹಾಕ್ಕೊಂಡ್ರ ತುರಿಸ್ತದೇನ್ರಿ?"

ಆಕಿ ಮಾರಿ ಹಬ್ಬ ಬಂದಂಗಾತು. "ಆಕಿಗೇನ್ರಿ? ಯವ್ವಾ, ಮೈಯೆಲ್ಲಾ ತುರಿಸ್ತದ. ಆಕಿ ಮೈಮ್ಯಾಲ ಇರೋದೆಲ್ಲಾ ಗಿಲೀಟ. ನಾವಿಬ್ಬರೂ ಒಂದೇ ಬಳಿಗಾರನ ಹಂತ್ಯಾಕ..." ಅಂದು ನಾಲಿಗಿ ಕಚ್ಕೊಂಡ್ಲು.

ಬಾಗಲಾ ತಗದು ನೆಗೆಣ್ಣಿ ಒಳಗ ಬಂದ್ಲು. "ನನ್ನವು ಗಿಲೀಟು? ಮೇಡಂ, ಈಕಿ ಕಿವ್ಯಾಗಿನವು ನೋಡ್ರಿ, ಹಸರು ಬಿಟ್ಟಾವ. ಈಕಿ ದಿನಾ ಕಿವಿಗಿ ಕೊಬ್ರಿ ಎಣ್ಣಿ ಹಚ್ಕೊಂಡು ಮಕ್ಕೋತಾಳ." ಮುಂದಿನದು ಬರಿಯೂದು ಬ್ಯಾಡ. ಪೇಶಂಟು ಒಂದು ಕಡಿ, ನೆಗೆಣ್ಣಿ ಒಂದು ಕಡಿ, ನಡುವ ಆಪಾ ಕುದಿಯೋ ನೀರು ಹಿಡಕೊಂಡು ನಿಂತಾರ. ನನಗ ಒಂದರ ಬದಲಿ ಎರಡು ಉತ್ತರ ಸಿಕ್ವು. ಹಲ್ಲು ತೋರ್ಸಾಕ ಮಾತ್ರ ಇಬ್ಬರೂ ತಿರುಗಿ ಬರಲಿಲ್ಲ.

ಸಂಜಿಕ ಆ ಪೇಶಂಟಿನ ಗಂಡನ ಫೋನು ಬಂತು. ಸಿಟ್ಟಿರಲಿಲ್ಲ ಪಾಪ, ದಣದು ಹೋದ ದನಿ. "ಮೇಡಂ, ನೀವು ಹಲ್ಲಿನ ಡಾಕ್ಟರು. ಕಿವಿ ಸುದ್ದಿ ನಿಮಗ್ಯಾಕ ಬೇಕಿತ್ರಿ?"

ನಿಕ್ಕಲ್ಲು, ನಕಲ್ಲು

ಸಾಕಪ್ಪ ಈ ಪ್ರಶ್ನಿ, ಕೇಳೂದೇ ಬ್ಯಾಡ, ಎಲ್ಲಾರಿಗೂ ನಿಕ್ಕಲ್ ಇಲ್ಲದ್ದನ್ನೇ ಹಾಕೋಣ ಅಂತ ನಿರ್ಧಾರ ಮಾಡಿದೆ. ಕೋಬಾಲ್ಟ್ ಅಂತ ಬ್ಯಾರೆ ಲೋಹದ್ದು ಸಿಗ್ತದ, ನಿಕ್ಕಲ್ ಒಗ್ಗದವರಿಗಿ ಹೆಚ್ಚಾಗಿ ಅದು ಒಗ್ತದ. ಮೊದಲ ಹಾಕಿದ್ದು ಸುರಪುರದ ಒಬ್ಬ ಕಿರಾಣಿ ಅಂಗಡಿಯವರಿಗಿ. ಹಾಕಿ, ಹೆಮ್ಮಿಲೇ ಹೇಳಿದೆ: "ಇದರಾಗ ನಿಕ್ಕಲ್ ಇಲ್ರಿ."

ಅವರು ಕೇಳಿದ್ದು, "ಇದರಾಗ ನಕಲ್ ಇಲ್ರಿ."

ನಕಲ್ ಇಲ್ಲ ಅಂದ್ರ ಅಸಲಿ. ಅಸಲಿ ಲೋಹ ಅಂದ್ರ ಏ‌ನಿರ್ತದ? ಬಂಗಾರ, ಇಲ್ಲಾ ಬೆಳ್ಳಿ. ಅದನ್ನ ಖಾತ್ರಿ ಮಾಡ್ಕೋಬೇಕಲ್ಲ. ಒಂದಿನ ಶೇಂಗಾ ಚಿಕ್ಕಿ ತಿಂದು ಕ್ಯಾಪ್ ಕಳಚಿ ಬಂದದ. ನನ್ನ ಕಡಿ ಬರೋ ಬದಲಿ ಸೀದಾ ಪತ್ತಾರನ ಅಂಗಡಿಗಿ ಹೋಗ್ಯಾರ. ಪತ್ತಾರ ಒರೆಗಲ್ಲಿಗಿ ತಿಕ್ಕಿ ನೋಡ್ಯಾನ. ಬಂಗಾರದ ಗೆರಿನೂ ಇಲ್ಲ, ಬೆಳ್ಳಿ ಗೆರಿನೂ ಇಲ್ಲ. "ಪೂರಾ ನಕಲ್ ಅದ" ಅಂದಾನ. ಹೆಂಗೂ ಬಂದೀರಿ, ಕುಂಡ್ರಿಸಿ ಕೊಡ್ತೀನಿ ತಗೋರಿ ಅಂತ, ಬಂಗಾರದ ಗುಂಡಿನೊಳಗ ತುಂಬೋ ಅರಗು ಕಾಸಿ, ಅದರಲೇ ಕ್ಯಾಪ್ ಹಚ್ಚಿ ಕಳಿಸ್ಯಾನ.

ಒಡವಿಗಿ ಅರಗು ಚಲೋನ. ಒಡವಿ ಚಾ ಕುಡಿಯೂದಿಲ್ಲ. ಮರುದಿನ ಮುಂಜಾನಿ ಇವರು ಬಿಸಿ ಬಿಸಿ ಚಾ ಕುಡದಾರ, ಅರಗು ಮೆತ್ತಗಾಗಿ ಮ್ಯಾಲಿನ ಹಲ್ಲಿಗಿ ಹತ್ಯಾದ, ಮ್ಯಾಲ ಒಂದು ತಂಬಗಿ ತಣ್ಣೀರು ಕುಡದಾರ. ಎರಡೂ ದವಡಿ ಗಟ್ಟಿ ಕೂಡಿ ಹೋದ್ವು.

ಗಂಡ ಹೆಂಡತಿ ಕೂಡಿ ಬಂದ್ರು. ಗಂಡ ಬರೇ "ಹ್ಞೂಂ ಹ್ಞೂಂ" ಅಂತ ಕೈ ಮಾಡಾಕತ್ತಾರ. ಹೆಂಡತಿ ಆರಾಮ್ ಕುರ್ಚಿ ಮ್ಯಾಲ ಕುಂತು, "ಮುಂಜಾನಿಯಿಂದ ಒಂದು ಮಾತಾಡಿಲ್ರಿ ಮೇಡಂ. ಅವಸರ ಏನಿಲ್ಲ, ಮೊದಲ ಉಳದ ಪೇಶಂಟು ನೋಡ್ರಿ" ಅಂದ್ರು.

ಬಿಸಿ ನೀರಿನ ಅರಿವಿ ಹಿಡದು, ಕೆರದು, ಅಂತೂ ಬಾಯಿ ಬಿಡಿಸಿದೆ. ನನ್ನ ರಟ್ಟಿ ಸೋತು ಹೋತು. ದೇವರಿಗಿ ಕೈ ಮುಗೀತಾರೋ, ನನಗ ಕೈ ಮುಗೀತಾರೋ ಅಂತ ನೋಡ್ಕೋತ ನಿಂತೆ. ಬಾಯಿ ತಗದ ಕೂಡಲೇ ಅವರು ಆಡಿದ ಮೊದಲನೇ ಮಾತು: "ನಕಲ್."

ಬೆನ್ನಿನ ಪಟ್ಟಿ

ಆ ಮಾತು ಸುರಪುರದ ಬಜಾರ ಪೂರಾ ತಿರುಗಿತು. ಮೊದಲ ಬರೇ ಮದ್ದು ಹಾಕಿದಾಕಿ ಆಗಿದ್ದೆ, ಈಗ ಸ್ವಂತ ಅತ್ತಿಗಿ ನಕಲ್ ಹಾಕಿದಾಕಿ ಆದೆ. ಕ್ಲಿನಿಕ್ಕಿನಾಗ ನಾನು, ಆಪಾ, ನೊಣ, ಮೂರೇ ಮಂದಿ. ಅತ್ತಿಗಿ ಈಗ ಮಜ್ಜಿಗಿನೂ ಉರಿಯಾಕ ಹತ್ತಿತ್ತು. ಆದ್ರೂ ಕ್ಯಾಪ್ ತಗಿಯಾಕ ಒಲ್ಲೆ ಅಂತಿದ್ರು. ಯಾಕ ಒಲ್ಲೆ ಅಂತಾರ ಅನ್ನೂದೇ ನನಗ ತಿಳೀಲಿಲ್ಲ.

ಸರ್ಕಾರದಂಗ ಕಾಗದದ ಮ್ಯಾಲ ಸಾಕ್ಷಿ ತರೋಣ ಅಂತ ಕಲಬುರಗಿಗಿ ಚರ್ಮದ ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋದೆ. ಅಲ್ಲಿ ಒಂದು ಪರೀಕ್ಷಿ ಮಾಡ್ತಾರ. ಯಾವ ಯಾವ ಲೋಹದ ಮ್ಯಾಲ ಅನುಮಾನ ಅದ, ಅವನ್ನ ಚೂರು ಚೂರು ಪಟ್ಟಿಗಿ ಹಚ್ಚಿ ಬೆನ್ನಿಗಿ ಅಂಟಿಸಿ ಕಳಿಸ್ತಾರ. ಎರಡು ದಿನ ಬಿಟ್ಟು ನೋಡಿದ್ರ, ಒಗ್ಗದ ಲೋಹದ ಜಾಗಾದಾಗಷ್ಟ ಕೆಂಪಾಗಿರ್ತದ. "ಸ್ನಾನ ಬ್ಯಾಡ, ಬೆನ್ನಿಗಿ ಏನೂ ಹಚ್ಚಬ್ಯಾಡ್ರಿ" ಅಂತ ಅವರೂ ಹೇಳಿದ್ರು, ನಾನೂ ಹೇಳಿದೆ, ಬಸ್ಸಿನಾಗ ಬರೋವಾಗ ಮತ್ತ ಹೇಳಿದೆ.

ತಿರುಗಿ ಹೋದ್ವಿ. ಡಾಕ್ಟರು ಪಟ್ಟಿ ತಗದು ನೋಡ್ತಾರ, ಅತ್ತಿ ಬೆನ್ನು ಈ ತುದಿಯಿಂದ ಆ ತುದಿಮಟ ಒಣ ಮೆಣಸಿನಕಾಯಿ ಕೆಂಪು. ಬಾಮಿನ ವಾಸನಿ ಗಮ್ ಅಂತ ಹೊಡೀತು.

"ಬಸ್ಸಿನಾಗ ಕುಂತು ಬೆನ್ನು ನೋಯ್ತ್ರಿ, ನೆರಿಮನಿಯಾಕಿ ಕಡಿಂದ ತಿಕ್ಕಿಸ್ಕೊಂಡೆ" ಅಂದ್ರು ಅತ್ತಿ.

ಡಾಕ್ಟರು ಕನ್ನಡಕ ತಗದು ಕಣ್ಣು ಒರಿಸ್ಕೊಂಡ್ರು. "ಈಗ ನಾ ಏನ್ ಬರೀಲಿ? ಇವರಿಗಿ ಕೊಡಾ, ಬಕೀಟು, ಬೋಗಾಣಿ, ಪ್ರಪಂಚದಾಗಿನ ಯಾವ ಲೋಹನೂ ಮುಟ್ಟಿಸಬಾರದು ಅಂತ ಬರೀಲೇನು?"

ಅತ್ತಿ ಕುಬಸದ ಗುಂಡಿ ಹಾಕ್ಕೋತ ಅಂದ್ರು: "ಬರೀರಿ ಸಾಹೇಬ್ರ. ಭಾಂಡಿ ಸೊಸಿ ತಿಕ್ತಾಳ."

ಬೋರಮಾಳ

ಕಡೀಕ ಒಂದಿನ ಅತ್ತಿ ನೀರು ನುಂಗಲಾರದ ಕಣ್ಣಾಗ ನೀರು ತಂದ್ರು. ಅವರ ಮುಂದ ಕುಂತು ನಾನೂ ಅತ್ತೆ. "ಅತ್ತಿ, ನೀವು ಹಿಂಗ ಇದ್ರ ನನಗ ಬದಕಾಕ ಆಗಂಗಿಲ್ರಿ" ಅಂದೆ. ಅವರು ಸೆರಗಿಲೇ ಬಾಯಿ ಒರಿಸ್ಕೊಂಡು, "ತಗಿ ಹಂಗಾರ" ಅಂದ್ರು. ಅವತ್ತೇ ಕ್ಯಾಪ್ ಕೊಯ್ದು ತಗದೆ.

ಒಂದೆರಡು ವಾರದಾಗ ವಸಡು ಇಳೀತು, ಹುಣ್ಣು ಒಣಗಿದ್ವು. ಬಾಯಿ ನೆಟ್ಟಗಾದ ದಿನ ಅತ್ತಿ ಮೊದಲ ಮಿರ್ಚಿ ಭಜಿ ತರಿಸ್ಕೊಂಡು ತಿಂದ್ರು, ನಮ್ಮನಿಯವರು ಬದನಿಕಾಯಿ ತಂದು ಅಡಗಿಮನಿ ಕಟ್ಟಿ ಮ್ಯಾಲ ಇಟ್ಟು ತಾವೇ ಹೆಚ್ಚಾಕ ನಿಂತ್ರು. ಆದ್ರ ಬೋಳು ಹಲ್ಲು ಹಂಗೇ ಬಿಟ್ರ ರೊಟ್ಟಿಗಿ ಸೀಳಿ ಹೋಗ್ತದ. ಮತ್ತೊಂದು ಕ್ಯಾಪ್ ಬೇಕೇ ಬೇಕು. ಪಿಂಗಾಣಿ ಅಂದೆ. "ಚಾದ ಕಪ್ಪು ನೆಲಕ್ಕ ಬಿದ್ರ ಏನಾಗ್ತದ ನೋಡಿಲ್ಲೇನು?" ಅಂದ್ರು. ಕೋಬಾಲ್ಟ್ ಅಂದೆ. "ಮತ್ತ ನಕಲ್ ಹಾಕ್ತೀ?" ಅಂದ್ರು.

ಉಳದದ್ದು ಬಂಗಾರ. ಬಾಯಾಗ ಬಂಗಾರ ಕರಗೂದಿಲ್ಲ, ಕಪ್ಪಾಗೂದಿಲ್ಲ, ಯಾರಿಗೋ ಅಪರೂಪಕ್ಕ ಬಿಟ್ರ ಎಲ್ಲಾರಿಗೂ ಒಗ್ತದ. ನಾವು ಬಂಗಾರ ಕೊಟ್ರ ಲ್ಯಾಬಿನವರು ಬೇಕಾದ್ದು ಬೆರಸಿ ಕ್ಯಾಪ್ ಎರಕ ಹೊಯ್ದು ಕೊಡ್ತಾರ. ಬಂಗಾರ ಎಲ್ಲಿಂದ ತರೂದು? ನನಗ ನನ್ನ ಮದುವಿ ಬೋರಮಾಳ, ಆ ಬಂಗಾರದ ಗುಂಡಿನ ಸರ, ನೆನಪಾತು. ಅಕ್ಷತಾ ಆದ ಮ್ಯಾಲ ಮಂಟಪದಾಗ, ನಮ್ಮ ತವರಮನಿಯವರ ಎದುರಿಗಿ, ಅತ್ತಿ ತಮ್ಮ ಕೈಲೇ ನನ್ನ ಕೊಳ್ಳಿಗಿ ಹಾಕಿದ ಬೋರಮಾಳ. ಅದರ ಸಲುವಾಗೇ ಬ್ಯಾಂಕಿನಾಗ ಲಾಕರ್ ತಗೊಂಡೀವಿ. ನಾಕು ಗುಂಡು ತಗದ್ರ ಏನ್ ಕಮ್ಮಿ ಆಗ್ತದ? ನಾ ಹಾಕ್ಕೊಂಡು ಮೆರಿಯೋಕಿಂತ ಅವರು ಅದರಲೇ ರೊಟ್ಟಿ ತಿನ್ನಲಿ. ಊರ ಮಂದಿನೂ ನೋಡಲಿ, ಸೊಸಿ ಅತ್ತಿ ಬಾಯಾಗ ಏನ್ ಹಾಕ್ಯಾಳ ಅಂತ.

ಲಾಕರಿನಿಂದ ತಂದು ಅತ್ತಿ ಮುಂದ ಇಟ್ಟೆ. "ಪತ್ತಾರನ ಕಡಿ ಹೋಗಿ ನಾಕು ಗುಂಡು ಬಿಡಿಸ್ಕೊಂಡು ಬರ್ತೀನ್ರಿ" ಅಂದೆ.

ಅತ್ತಿ ಮಾರಿ ಇಳದು ಹೋತು. "ಬ್ಯಾಡ ಬ್ಯಾಡ. ಮದುವಿ ಒಡವಿ ಮುರೀಬಾರದು."

"ನಿಮಗಿಂತ ಒಡವಿ ಹೆಚ್ಚೇನ್ರಿ ಅತ್ತಿ?"

"ಹಲ್ಲು ಹೋದ್ರ ಹೋಗಲಿ ಬಿಡವ್ವ. ಮುದುಕಿಗಿ ಏನ್ ಮಾಡೂದದ ಹಲ್ಲು."

ಇಷ್ಟು ದಿನ ಇವರ ಮ್ಯಾಲ ಸಿಟ್ಟು ಮಾಡ್ಕೊಂಡೆನಲ್ಲ, ನನ್ನ ಒಡವಿ ಉಳೀಲಿ ಅಂತ ತಮ್ಮ ಹಲ್ಲೇ ಬಿಡಾಕ ತಯಾರಾಗ್ಯಾರಲ್ಲ ಅನಿಸ್ತು. ಕಾಲಿಗಿ ಬಿದ್ದೆ. "ಇಲ್ರಿ, ನನ್ನಾಣಿ, ಇದನ್ನೇ ಹಾಕ್ತೀನಿ" ಅಂತ ಬೋರಮಾಳ ಕೈಯಾಗ ಹಿಡದು ಬಾಗಲಮಟ ಹೋದೆ. ಚಪ್ಪಲಿ ಮೆಟ್ಟಿದೆ.

"ಏ, ನಿಂದ್ರ" ಅಂದ್ರು ಅತ್ತಿ. ತಿರುಗಿ ನೋಡಿದೆ. ಅವರು ಗ್ವಾಡಿ ಕಡಿ ಮಾರಿ ಮಾಡಿ ಕುಂತಿದ್ರು. "ಅದನ್ನ ಬಾಯಾಗ ಹಾಕಿದ್ರ ನನಗ ಮತ್ತ ಹುಣ್ಣಾಗ್ತಾವ."

ನನಗ ಒಮ್ಮೆಲೆ ತಿಳೀಲಿಲ್ಲ. "ಬಂಗಾರಕ್ಕ ಯಾಕ ಹುಣ್ಣಾಗ್ತಾವ್ರಿ?"

"ಮದುವಿ ಮುಂಜಾನಿ ಹೆಂಗ ಕಾಣ್ತದ ನೋಡೋಣ ಅಂತ ಒಂದು ತಾಸು ಕೊಳ್ಳಾಗ ಹಾಕ್ಕೊಂಡಿದ್ದೆ. ಕೊಳ್ಳೆಲ್ಲಾ ಗಂದಿ ಎದ್ದು ತುರಿಸಿ ತುರಿಸಿ ಸಾಕಾತು. ಸೆರಗು ಸುತ್ಕೊಂಡೇ ಮದುವಿ ಮಾಡೀನಿ. ನಿನಗ ಒಗ್ಯಾದ ಬಿಡು."

ಚಪ್ಪಲಿ ಬಿಟ್ಟು ಹೊಸ್ತಲದಾಗೇ ಕುಂತೆ. ಆ ಬೋರಮಾಳ ನನ್ನ ಕೈಯಾಗ ಫಳಫಳ ಹೊಳೀತಿತ್ತು. ಇಷ್ಟು ತಿಂಗಳು ಮಜ್ಜಿಗಿ ಅನ್ನ, ಹುಣ್ಣು, ಕಲಬುರಗಿ, ಬಾಮು, ಎಲ್ಲಾ ಈ ಒಂದು ಸರದ ಸಲುವಾಗಿ. ಹುಣ್ಣು ಕ್ಯಾಪಿಂದು ಅಂತ ಒಪ್ಪಿದ್ರ ಗಿಲೀಟಿನ ಗುಟ್ಟು ಹೊರಗ ಬೀಳ್ತದಂತ, ಬಾಯಿ ಸತ್ತು ಹೋದ್ರೂ ಬಾಯಿ ಬಿಟ್ಟಿಲ್ಲ ಈ ಹೆಣ್ಮಗಳು. ಇದನ್ನ ಹೊರಗ ಹೇಳಿದ್ರ ನನ್ನ ಹೆಸರು ಉಳೀತದ, ಮನಿ ಹೆಸರು ಹೋಗ್ತದ.

"ಅಲ್ರಿ ಅತ್ತಿ, ಅವತ್ತ ಕುರ್ಚಿ ಮ್ಯಾಲ ಕುಂಡ್ರಿಸಿ ಎರಡು ಸಲ ಕೇಳಿದೆ. ನಾ ಗಿಲೀಟು ಯಾಕ ಹಾಕ್ಕೊಳ್ಲಿ ಅಂದ್ರಲ್ರಿ?"

ಅತ್ತಿ ಈಗ ನನ್ನ ಕಡಿ ತಿರುಗಿದ್ರು. ಮಾರಿ ಮ್ಯಾಲ ನಾಚಿಕಿ ಇರಲಿಲ್ಲ, ನನ್ನಂಥಾ ದಡ್ಡಿಗಿ ಇನ್ನೂ ಎಷ್ಟು ಬಿಡಿಸಿ ಹೇಳಬೇಕು ಅನ್ನೋ ಬ್ಯಾಸರಕಿ ಇತ್ತು.

"ಖರೇನೇ ಹೇಳೀನಿ. ನಾ ಎಲ್ಲಿ ಹಾಕ್ಕೋತೀನಿ? ಹಾಕ್ಕೊಂಡಾಕಿ ನೀ."